ಒಂಬತ್ತನೇ ಹಂತ

“ಒಂಬತ್ತನೇ ಹಂತ ಇದ್ಯಲ್ಲ, ಅದನ್ನ ಸ್ವಲ್ಪ ಜೋರಾಗಿ ಓದಮ್ಮ,” ಎಂದು ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಪ್ಲಾಸ್ಟಿಕ್ ಹೊದಿಸಿದ ಹಾಳೆಯನ್ನು ಅವಳತ್ತ ತಳ್ಳಿದರು.

ನೋಡಿ ಓದುವ ಅಗತ್ಯವೇ ಇರಲಿಲ್ಲ. ಬರೆದವಳೇ ಅವಳು. “ರೋಲರುಗಳ ನಡುವೆ ರಟ್ಟು ಸಿಕ್ಕಿಕೊಂಡರೆ ಮೊದಲು ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ. ರೋಲರು ಪೂರ್ತಿ ನಿಂತ ಮೇಲೆಯೇ ಕೈ ಹಾಕಿ.” ಪಕ್ಕದ ಕುರ್ಚಿಯಲ್ಲಿ ಅಪ್ಪ ಬ್ಯಾಂಡೇಜು ಸುತ್ತಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅದರೊಳಗೆ ಈಗ ಉಳಿದಿದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು. ತಪ್ಪು ಯಂತ್ರದ್ದು ಎಂದಾದರೆ ಗೇಟಿನ ಹತ್ತಿರವೋ ಉಗ್ರಾಣದಲ್ಲೋ ಕೂತು ಮಾಡುವ ಕೆಲಸ ಕೊಡುತ್ತಾರೆ, ಅವನದೇ ಎಂದಾದರೆ ಇವತ್ತೇ ಮನೆಗೆ. ಅಷ್ಟನ್ನು ತೀರ್ಮಾನಿಸಲು ಈ ಕೋಣೆಯಲ್ಲಿ ಮೂವರೂ ಸೇರಿದ್ದರು.

ವಿಶ್ವವಿದ್ಯಾಲಯದಲ್ಲಿ ಅವಳು ಕಲಿಯುತ್ತಿದ್ದದ್ದು ತಾಂತ್ರಿಕ ಬರವಣಿಗೆ. ನಿಜವಾದ ಒಂದು ಕಾರ್ಖಾನೆ, ನಿಜವಾದ ಒಂದು ಯಂತ್ರ, ಅದನ್ನು ನಡೆಸುವ ಬಗೆಯನ್ನು ಯಾರಿಗಾದರೂ ಅರ್ಥವಾಗುವಂತೆ ಬರೆಯಬೇಕು. ಇದು ಕೊನೆಯ ವರ್ಷದ ಪ್ರಾಜೆಕ್ಟು. ಅವಳು ದೂರ ಹೋಗಲಿಲ್ಲ. ಇಪ್ಪತ್ತಾರು ವರ್ಷದಿಂದ ರಟ್ಟಿನ ಪೆಟ್ಟಿಗೆಯ ಯಂತ್ರದ ಮುಂದೆ ನಿಂತ ಅಪ್ಪ ಮನೆಯಲ್ಲೇ ಇದ್ದ. ಅಡುಗೆಮನೆಯ ನೆಲದ ಮೇಲೆ ಎರಡು ಲೋಟ ಮಲಗಿಸಿ, ಇದೇ ರೋಲರು ಎಂದು ಒಂದೊಂದೇ ಹಂತ ಬಿಡಿಸಿ ಹೇಳಿದ. ಒಂದು ಪಾಳಿ ಪೂರ್ತಿ ಯಂತ್ರದ ಪಕ್ಕ ನಿಂತು ನೋಡಿಯೇ ಬರೆಯಬೇಕು ಎಂದು ಮೇಷ್ಟರು ತಾಕೀತು ಮಾಡಿದ್ದರು. ಅಪ್ಪನೇ ಹೇಳಿದ ಮೇಲೆ ನೋಡುವುದೇನು ಎಂದು ಅವಳು ಹೋಗಲಿಲ್ಲ. ನೋಡಿದೆ ಎಂದು ಮಾತ್ರ ಬರೆದಳು. ಪ್ರಾಜೆಕ್ಟು ಕಾರ್ಖಾನೆಗೆ ಎಷ್ಟು ಹಿಡಿಸಿತೆಂದರೆ, ಹಂತಗಳನ್ನೆಲ್ಲ ಪ್ಲಾಸ್ಟಿಕ್ ಹೊದಿಸಿ ಯಂತ್ರಕ್ಕೇ ತೂಗುಹಾಕಿದರು. ಅಪ್ಪ ಬಂದವರಿಗೆಲ್ಲ ತೋರಿಸಿ ಬೀಗಿದ್ದೇ ಬೀಗಿದ್ದು.

ಯಂತ್ರವನ್ನು ಅಲ್ಲಿ ಯಾರೂ ನಿಲ್ಲಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಾದದ್ದು ಆಸ್ಪತ್ರೆಯಲ್ಲಿ. ನಿಲ್ಲಿಸಿದರೆ ಅಂಟು ಒಣಗುತ್ತದೆ, ಮತ್ತೆ ಶುರುಮಾಡಲು ಅರ್ಧ ಗಂಟೆ, ಅಷ್ಟೂ ಹೊತ್ತು ಸೂಪರ್‌ವೈಸರನ ಬೈಗುಳ. “ಮತ್ತೆ ನನಗ್ಯಾಕೆ ಹಾಗೆ ಹೇಳ್ದೆ?” ಎಂದು ಅವಳು ಅತ್ತಿದ್ದಳು. “ಕಾಲೇಜಿಗೆ ಕೊಡೋದು ಅಂದ್ಯಲ್ಲ ಮಗಳೇ, ಅದಕ್ಕೇ ಚೆನ್ನಾಗಿರೋದನ್ನ ಹೇಳ್ದೆ,” ಎಂದಿದ್ದ ಅಪ್ಪ. ಫೋಟೋ ತೆಗೆಸಿಕೊಳ್ಳುವಾಗ ಇಸ್ತ್ರಿ ಅಂಗಿ ಹಾಕಿಕೊಳ್ಳುವುದಿಲ್ಲವೇ, ಹಾಗೆ.

“ಸಾರ್, ಇಲ್ಲಿ ಹೀಗೆ ಯಾರೂ ಮಾಡಲ್ಲ,” ಎಂದಳು ಅವಳು. “ನಿಮ್ಮ ಸೂಪರ್‌ವೈಸರೇ ನಿಲ್ಸೋಕೆ ಬಿಡಲ್ಲ. ಅದು ನಿಮಗೂ ಗೊತ್ತು.”

“ನಿಲ್ಸಿಯೇ ತೆಗೀತೀವಿ ಅಂತ ಹದಿನೇಳು ಜನ ಕೆಲಸಗಾರರು ರುಜು ಹಾಕಿ ಕೊಟ್ಟಿದ್ದಾರಮ್ಮ.” ಅಧಿಕಾರಿಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಜಗಳಕ್ಕೆ ಒಂದು ದಾರಿ ಇರುತ್ತಿತ್ತು. “ಅವರ ಮಾತು ಬಿಡು. ನಿನ್ನ ಪ್ರಾಜೆಕ್ಟಿನ ಮೊದಲನೇ ಪುಟದಲ್ಲಿ ನೀನೇ ಬರ್ದಿದ್ದೀಯ, ಒಂದು ಪಾಳಿ ಪೂರ್ತಿ ನಿಂತು ಕಣ್ಣಾರೆ ನೋಡಿದೆ ಅಂತ. ನೋಡಿದ್ಯೋ ಇಲ್ವೋ? ನೋಡಿಲ್ಲ ಅಂದ್ರೆ ಈಗ್ಲೇ ಹೇಳು. ಯೂನಿವರ್ಸಿಟಿಗೆ ಒಂದು ಪತ್ರ ಹಾಕ್ತೀನಿ, ಡಿಗ್ರಿ ವಿಚಾರ ಅವರೇ ನೋಡ್ಕೊಳ್ಳಲಿ.”

ಅವಳು ಬಾಯಿ ತೆರೆಯುವ ಮುಂಚೆಯೇ ಅಪ್ಪ ಕುರ್ಚಿಯ ತುದಿಗೆ ಜರುಗಿದ.

“ನೋಡಿದ್ಲು ಸಾರ್. ನಾನೇ ಪಕ್ಕದಲ್ಲಿ ನಿಲ್ಲಿಸ್ಕೊಂಡು ತೋರಿಸ್ದೆ. ಅವತ್ತು ಮಿಷಿನ್ ಆಫ್ ಮಾಡಿ ತೆಗ್ದೆ, ಮೊನ್ನೆ ಮಾಡ್ಲಿಲ್ಲ. ತಪ್ಪು ನಂದೇ.”

“ಅಪ್ಪಾ...”

“ನೀನು ಸುಮ್ಮನಿರು. ದೊಡ್ಡೋರು ಮಾತಾಡುವಾಗ ಮಧ್ಯ ಬಾಯಿ ಹಾಕ್ಬಾರ್ದು.”

ಮೊದಲು ಅವಳಿಗೆ ಆದದ್ದು ಸಮಾಧಾನ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ, ಆದರೆ ಆಯಿತು. ಅದಕ್ಕಾಗಿ ಅವಳು ತನ್ನನ್ನು ಎಂದೂ ಕ್ಷಮಿಸಲಾರಳು. ಇಲ್ಲ, ನಾನು ನೋಡಲೇ ಇಲ್ಲ ಎನ್ನಬೇಕು, ಈಗಲೇ ಎನ್ನಬೇಕು ಎಂದುಕೊಂಡಳು. ಎನ್ನಲಿಲ್ಲ.

ಅಧಿಕಾರಿಯ ಮುಖ ಹಗುರವಾಯಿತು. ಡ್ರಾಯರಿನಿಂದ ಒಂದು ಫಾರಂ ತೆಗೆದು, ಪೆನ್ನಿನ ಕ್ಯಾಪನ್ನು ತಾವೇ ಬಿಚ್ಚಿ ಅವಳ ಕೈಗೆ ಕೊಟ್ಟರು. “ಹಾಗಿದ್ರೆ ಅಪಘಾತದ ವರದಿಯನ್ನೂ ನೀನೇ ಬರ್ದುಬಿಡಮ್ಮ. ನಮ್ಮ ಗುಮಾಸ್ತ ಬರೆದ್ರೆ ತಲೆಬುಡ ಗೊತ್ತಾಗಲ್ಲ. ನಿಂದು ನೋಡು, ಎಷ್ಟು ನೀಟಾಗಿರುತ್ತೆ.”

ಅವಳು ಅಪ್ಪನನ್ನು ನೋಡಿದಳು.

“ಬರಿ, ಬರಿ,” ಎಂದ ಅಪ್ಪ, ಮನೆಪಾಠಕ್ಕೆ ಕೂರಿಸುವಾಗ ಹೇಳುತ್ತಿದ್ದ ಅದೇ ದನಿಯಲ್ಲಿ. “ಸಾರ್ ಅಷ್ಟು ಹೇಳ್ತಿದಾರೆ.”

ದಿನಾಂಕ, ಪಾಳಿ, ಯಂತ್ರದ ಸಂಖ್ಯೆ, ಗಾಯದ ವಿವರ. ‘ಕಾರಣ’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ವರದಿಯಲ್ಲಿ ಅಳು ಇರಬಾರದು, ಅನುಮಾನ ಇರಬಾರದು, ಒಂದು ಪದವೂ ಹೆಚ್ಚಿರಬಾರದು ಎಂದು ನಾಲ್ಕು ವರ್ಷ ಕಲಿತಿದ್ದಳು. ಕಲಿತದ್ದು ಕೈಬಿಡಲಿಲ್ಲ. ‘ಕಾರ್ಮಿಕನ ಅಜಾಗರೂಕತೆ. ಒಂಬತ್ತನೇ ಹಂತವನ್ನು ಪಾಲಿಸಿಲ್ಲ’ ಎಂದು ಬರೆಯತೊಡಗಿದಳು.

ಫ್ಯಾನಿನ ಗಾಳಿಗೆ ಫಾರಂ ಏಳುತ್ತಿತ್ತು. ಅದು ಹಾರದ ಹಾಗೆ ಅಪ್ಪ ಬ್ಯಾಂಡೇಜಿನ ಕೈಯನ್ನು ಅದರ ಮೇಲಿಟ್ಟು ಒತ್ತಿ ಹಿಡಿದ.