ಶಾಲೆಯ ಹಂಡೆ

ಶಾಲೆಯ ತಾಮ್ರದ ಹಂಡೆಯನ್ನು ಫಕೀರವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಇಪ್ಪತ್ತು ವರ್ಷ ಮಕ್ಕಳಿಗೆ ಅದರಲ್ಲೇ ಅನ್ನ ಮಾಡಿ ಬಡಿಸಿದ್ದಳು. ಬಾಂಬು ತಡೆಯಲೆಂದು ಊರಿನ ಮೇಲೆ ಕಟ್ಟುತ್ತಿದ್ದ ಲೋಹದ ಚಾವಣಿಗೆ ಒಂದು ಮೂಲೆ ಮುಚ್ಚುವುದು ಬಾಕಿಯಿತ್ತು. ಮನೆಮನೆಯ ಪಾತ್ರೆಗಳೆಲ್ಲ ಆಗಲೇ ಕರಗಿ ಮೇಲೇರಿದ್ದವು; ಉಳಿದದ್ದು ಈ ಹಂಡೆಯೊಂದೇ.

ಮಕ್ಕಳ ಊಟವೋ, ಚಾವಣಿಯೋ ಎಂದು ಹೋದ ಸೋಮವಾರ ವಾರ್ಡಿನ ಸಭೆಯಲ್ಲಿ ದೊಡ್ಡ ಜಗಳವಾಗಿತ್ತು. ಕೊನೆಗೆ ಕೈ ಎತ್ತಿಸಿದರು. ಚಾವಣಿ ಒಂದೇ ಕೈಯ ಅಂತರದಿಂದ ಗೆದ್ದಿತು. ಆ ಒಂದು ಕೈ ತನ್ನದೇ ಎಂದು ಫಕೀರವ್ವನಿಗೆ ಅಂದಿನಿಂದ ಅನಿಸುತ್ತಿತ್ತು. ದೀಪಾವಳಿಯ ಮರುದಿನ ಬಿದ್ದ ಬಾಂಬಿಗೆ ಅವಳ ತಂಗಿಯ ಓಣಿಯೇ ಸುಟ್ಟುಹೋಗಿತ್ತು. ಅವಳು ಇನ್ನೇನು ತಾನೇ ಮಾಡಿಯಾಳು?

ಚಾವಣಿ ಇಲಾಖೆಯ ಗಾಡಿ ಬಂತು. ಪಾತ್ರೆಯನ್ನು ಖಾಲಿ ಕೊಡಬಾರದೆಂದು ಫಕೀರವ್ವ ಉಗ್ರಾಣದಲ್ಲಿ ಉಳಿದಿದ್ದ ಒಂದು ಬೊಗಸೆ ಅಕ್ಕಿಯನ್ನು ತಂದು ಹಂಡೆಗೆ ಹಾಕಿದಳು.

“ತೂಕ ಹಾಕಬೇಕ್ರಿ ಆಯಿ, ತಗೀರಿ ಅದನ್ನ,” ಎಂದ ಗಾಡಿಯ ಜಾಧವ.

“ಖಾಲಿ ಪಾತ್ರಿ ಕೊಟ್ಟು ರೂಢಿ ಇಲ್ಲಪಾ ನನಗ.”

ಅಕ್ಕಿಯನ್ನು ಮಣ್ಣಿಗೆ ಚೆಲ್ಲಲು ಅವನಿಗೂ ಮನಸ್ಸು ಬರಲಿಲ್ಲ. ಅತ್ತಿತ್ತ ನೋಡಿದ. ಮುತ್ತುಗದೆಲೆ ಹಿಡಿದು ಊಟಕ್ಕೆ ಕಾಯುತ್ತಿದ್ದ ಎರಡನೆಯ ಇಯತ್ತೆಯ ಕುಸುಮಾಳ ಲಂಗದ ಮಡಿಲಿಗೆ ಅದನ್ನು ಸುರಿದು, ಹಂಡೆಯನ್ನು ಗಾಡಿಗೆ ಹೇರಿಕೊಂಡು ಹೊರಟುಹೋದ.

ಕುಸುಮಾ ಒಂದು ಕಾಳೂ ಬೀಳದಂತೆ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದು ಬಂದಳು.

“ಆಯಿ, ಅಕ್ಕಿ ನಮಗ ಬಿಟ್ಟು ಹ್ವಾದ್ರು,” ಎಂದಳು ಖುಷಿಯಿಂದ. “ಯಾವುದರಾಗ ಕುದಸ್ತಿ?”