ತೊಟ್ಟಿಲೊಳಗಿನ ಬದನೆ ಸಸಿ

ಮೊನ್ನೆ ಇಂಡಿ ಊರಿನ ಸಂತೆಯಲ್ಲಿ ಬದನೆ ಸಸಿ ಕೊಳ್ಳುವಾಗ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈಯಲ್ಲಿದ್ದ ಸಸಿ ಅಲ್ಲೇ ಇಟ್ಟುಬಿಟ್ಟೆ.

ಆಗ ನಾನಿನ್ನೂ ಸಣ್ಣವ. ಮುದ್ದೇಬಿಹಾಳದ ಹತ್ತಿರದ ನಮ್ಮೂರಲ್ಲಿ ಬೇಸಿಗೆ ಬಿಸಿಲಿಗೆ ಅಂಗಳದ ಮೊಳಕೆ ಎದ್ದ ದಿನವೇ ಸುಟ್ಟುಹೋಗುತ್ತಿತ್ತು. ದಸರೆಗೆ ಬದನೆಕಾಯಿ ಬೇಕೆಂದರೆ ಮನೆಯೊಳಗೇ ಸಸಿ ಎಬ್ಬಿಸಬೇಕು. ಅದು ಚಿಕ್ಕಪ್ಪನ ಹೆಂಡತಿ ಚಿಗವ್ವನ ಕೆಲಸ. ಒಡೆದ ಗಡಿಗೆಯಲ್ಲಿ ಮಣ್ಣು, ಗೊಬ್ಬರ, ಮೇಲೆ ಒದ್ದೆ ಗೋಣಿ. ಆ ವರ್ಷ ಮಾತ್ರ ಅವಳು ಗಡಿಗೆಯನ್ನು ನಡುಮನೆಯ ತೊಟ್ಟಿಲಲ್ಲಿ ಇಟ್ಟಳು. ಅವಳ ಕೂಸು ಹೋಳಿ ಹುಣ್ಣಿಮೆಗೆ ಮುಂಚೆ ತೀರಿಕೊಂಡಿತ್ತು. ತೊಟ್ಟಿಲನ್ನು ಯಾರೂ ಇಳಿಸಿರಲಿಲ್ಲ.

ಒಂದು ಮಧ್ಯಾಹ್ನ ಕಿರ್ರ್ ಕಿರ್ರ್ ಸದ್ದಿಗೆ ನನಗೂ ಅಜ್ಜಿಗೂ ಎಚ್ಚರವಾಯಿತು. ಚಿಗವ್ವ ತೊಟ್ಟಿಲು ತೂಗುತ್ತಿದ್ದಳು.

"ಇದೇನ ಹುಚ್ಚಾಟ? ಗಡಿಗಿ ಕೆಳಗ ಇಡಬಾರದೇನು?" ಅಜ್ಜಿ ಗದರಿದಳು.

"ಇಲಿ ಬೀಜ ತಿಂತಾವ್ರಿ ಅತ್ತಿ."

"ಹಂಗಂತ ತೂಗ್ತಾರೇನವ್ವಾ? ಬರೇ ತೊಟ್ಲಾ ತೂಗಿದ್ರ ಮನಿಗೆ ಚಲೋ ಅಲ್ಲ. ನಾಳೆನ ಅದನ್ನ ಅಟ್ಟದ ಮ್ಯಾಲ ಹಾಕಿಸ್ತೇನಿ."

"ಬರೇ ಎಲ್ಲೈತ್ರಿ? ಬಂದು ನೋಡ್ರಿ." ಮಲಗಿದವರು ಏಳಬಾರದು ಎನ್ನುವ ಹಾಗೆ ಮೆಲ್ಲಗೆ ಅಂದಳು ಚಿಗವ್ವ.

ಅಜ್ಜಿ ಗೋಣಿ ಎತ್ತಿದಳು. ಕರಿ ಮಣ್ಣಿನ ತುಂಬ ಬೆಳ್ಳನೆಯ ಮೊಳಕೆಗಳು ತಲೆ ಬಾಗಿಸಿಕೊಂಡು ನಿಂತಿದ್ದವು. ಬಹಳ ಹೊತ್ತು ನೋಡಿದಳು. ಗೋಣಿಯನ್ನು ಮೊದಲಿನ ಹಾಗೇ ಹೊದಿಸಿ, ನನ್ನ ಕಡೆ ತಿರುಗಿದಳು.

"ಏ, ಆ ಕದಾ ಮುಚ್ಚು. ಬಿಸಿ ಗಾಳಿ ಬರಾಕತ್ತೈತಿ."

ನಾನು ಕದ ಮುಚ್ಚಿ ತಿರುಗುವಷ್ಟರಲ್ಲಿ ತೊಟ್ಟಿಲು ಮತ್ತೆ ಕಿರ್ರ್ ಎಂದಿತು. ಹಗ್ಗ ಅಜ್ಜಿಯ ಕೈಯಲ್ಲಿತ್ತು.