ನಾಲ್ಕನೆಯ ಸ್ಕ್ರೂ

ನಾಲ್ಕನೆಯ ಸ್ಕ್ರೂ ಬೃಂದಾಳ ಮುಷ್ಟಿಯಲ್ಲಿತ್ತು. ಕೈ ಎತ್ತುವ ಗಂಡನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ನಿನ್ನೆ ಅವಳು ಕೋಣೆಯೊಳಗಿನಿಂದ ಹಾಕಿಕೊಂಡಿದ್ದ ಚಿಲಕವನ್ನು ಆ ಗಂಡ ಮೋಹನ್‌ಕುಮಾರ್ ಬಿಚ್ಚಿ, ಅದೇ ಬಾಗಿಲಿನ ಹೊರಮೈಗೆ ಕೂರಿಸುತ್ತಿದ್ದ. ಕೂಗಾಡಲಿಲ್ಲ. ಯಾವುದೋ ಹಾಡು ಗುನುಗುತ್ತಿದ್ದ.

"ಇನ್ನೊಂದು ಎಲ್ಲೈತೆ?"

"ಕೊಡಲ್ಲ. ನಾನು ಅಪ್ಪನ ಜೊತೆ ಹೋಗ್ತೀನಿ," ಎಂದಳು ಬೃಂದಾ. ಬಟ್ಟೆ ತುಂಬಿದ ಬ್ಯಾಗು ಕಾಲ ಬಳಿಯೇ ಇತ್ತು.

ಅಪ್ಪ ಜಂಪಣ್ಣ ಬಾಗಿಲ ಬಳಿಯೇ ಇದ್ದ. ಮಗಳ ಫೋನು ಬಂದದ್ದೇ ಶ್ರೀರಾಂಪುರದಲ್ಲಿ ಮೊದಲ ಬಸ್ಸು ಹತ್ತಿ ಚಿಕ್ಕಜಾಜೂರಿಗೆ ಬಂದಿದ್ದ. ಅವನ ದನಿ ಕೇಳಿಯೇ ಅವಳು ಬಾಗಿಲು ತೆಗೆದದ್ದು. ಈಗ ಆ ಬಾಗಿಲು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಕೊಡವ್ವ," ಎಂದ, ಅವಳ ಮುಖ ನೋಡದೆ. "ಅಳಿಯಂದ್ರಿಗೆ ಡ್ಯೂಟಿಗೆ ಹೊತ್ತಾಗ್ತೈತೆ."

ಬೃಂದಾ ಅಪ್ಪನ ಕೈಗಳನ್ನೇ ನೋಡಿದಳು. ಆಮೇಲೆ ಬೆರಳು ಬಿಡಿಸಿದಳು. ಅಂಗೈಯಲ್ಲಿ ಸ್ಕ್ರೂವಿನ ಅಚ್ಚು ಕೆಂಪಗೆ ಮೂಡಿತ್ತು.

ಮೋಹನ್‌ಕುಮಾರ್ ಕೊನೆಯ ಸುತ್ತು ಬಿಗಿ ಮಾಡಿದ. "ಚಿಲಕ ಸರಿಯಾಗಿ ಬೀಳ್ತೈತಾ ನೋಡಾಣ. ಒಳಗೆ ಹೋಗು."

ಅವಳು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಬಾಗಿಲನ್ನು ತಾನೇ ಎಳೆದುಕೊಂಡಳು.